ಅಡುಗೆಮನೆಯ ಹೊಸ್ತಿಲ ಮೇಲೆ ಹಾದ ಗೆರೆ

ಸಂಶೋಧಕಿ ಮೇಡಂ ನಕ್ಷೆಯ ಮೇಲೆ ಎಳೆದ ಗೆರೆ ಕೇರಿಯನ್ನು ಎರಡು ಮಾಡಿ, ಸರಿಯಾಗಿ ಇಸ್ತ್ರಿಯಮ್ಮನ ಅಡುಗೆಮನೆಯ ಹೊಸ್ತಿಲ ಮೇಲೆ ಹಾದುಹೋಯಿತು. ಆಚೆಯವರಿಗೆ ರಕ್ತದೊತ್ತಡದ ಮಾತ್ರೆ, ಈಚೆಯವರಿಗೆ ಬರೀ ತಪಾಸಣೆ. ಎರಡು ವರ್ಷದ ಮೇಲೆ ಹೋಲಿಸಿ ನೋಡುವುದು. ಆ ಕೇರಿಯಿಂದ ಆಸ್ಪತ್ರೆಗೆ ಎರಡು ಬಸ್ಸು ಬದಲಿಸಬೇಕು. ಹೋಗಿಬರುವಷ್ಟರಲ್ಲಿ ಇದ್ದ ಕಾಯಿಲೆಗೆ ಇನ್ನೊಂದು ಜೊತೆಯಾಗುತ್ತಿತ್ತು. ಹಾಗಾಗಿ ಎಲ್ಲರೂ ಒಪ್ಪಿದರು. ಇಸ್ತ್ರಿಯಮ್ಮನನ್ನು ‘ಸಮುದಾಯ ಪಾಲುದಾರೆ’ ಎಂದು ಕರೆದು ಕೊರಳಿಗೊಂದು ಗುರುತಿನ ಚೀಟಿಯನ್ನೂ ತೂಗುಹಾಕಿದರು.

ಗ್ರಹಚಾರ ನೋಡಿ, ಅವಳ ಒಲೆ ಗೆರೆಯಾಚೆ, ಅತ್ತೆಯ ಮಂಚ ಈಚೆ. ಅತ್ತೆ ಈಗಾಗಲೇ ಎರಡು ಸಲ ತಲೆಸುತ್ತಿ ಬಿದ್ದಿದ್ದಳು. ಮೂರನೆಯ ಸಲ ಬಿದ್ದರೆ ಏಳುತ್ತಾಳೋ ಇಲ್ಲವೋ. ದಿನಕ್ಕೆ ಹತ್ತು ಬಾರಿ ಕಿತ್ತಾಡುತ್ತಿದ್ದರೂ, ಅತ್ತೆಯ ಆ ಬಾಯಿಲ್ಲದ ಮನೆಯನ್ನು ಸೊಸೆಗೆ ನೆನೆಯಲೂ ಆಗುತ್ತಿರಲಿಲ್ಲ.

“ಮಂಚ ಮೂರಡಿ ಒಳಗೆ ಎಳ್ಕೋತೀನಿ ಮೇಡಂ.”

“ಅಯ್ಯೋ, ಲೆಕ್ಕಾಚಾರ ಕೆಡುತ್ತಮ್ಮ! ಪಾಲುದಾರರಾಗಿ ನೀವೇ ಹೀಗಂದ್ರೆ?”

“ನಮ್ಮತ್ತೆ ಕೆಟ್ರೆ?”

“ಅದನ್ನೂ ಬರ್ಕೋತೀವಿ,” ಎಂದರು ಮೇಡಂ, ನಿಜವಾದ ಕನಿಕರದಿಂದ. “ಸೋಮವಾರ ಹೆಸರು ಬರೆಯೋಕೆ ಬರ್ತೀವಿ. ಅವತ್ತು ಯಾರು ಎಲ್ಲಿರ್ತಾರೋ ಅದೇ ಕೊನೆ. ಆಮೇಲೆ ಬ್ರಹ್ಮ ಬಂದ್ರೂ ಬದಲಾಯಿಸೋಕಾಗಲ್ಲ.”

ಹೇಳಬಾರದಿತ್ತು, ಹೇಳಿಬಿಟ್ಟರು. ಇಸ್ತ್ರಿಯಮ್ಮ ಆ ಮಾತನ್ನು ಇಸ್ತ್ರಿ ಮಾಡಿದ ಬಟ್ಟೆಗಂಟಿನ ಜೊತೆಗೇ ಮನೆಮನೆಗೆ ಮುಟ್ಟಿಸಿದಳು.

ಸೋಮವಾರ ಮೇಡಂ ಬಂದಾಗ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಲೆಯ ಪಕ್ಕ ಮಂಚ, ಮಂಚದ ಮೇಲೆ ಅತ್ತೆ, ನೀರಿನ ಡ್ರಮ್ಮಿನ ಮೇಲೆ ನಿವೃತ್ತ ಮೇಷ್ಟ್ರು, ಅಟ್ಟದಲ್ಲಿ ಚಪ್ಪಲಿ ಹೊಲಿಯುವವನ ಸಂಸಾರ. ಗೆರೆಯ ಈಚೆಯವರೆಲ್ಲ ಸೇರಿ ಒಟ್ಟು ನಲವತ್ತಮೂರು ಜನ.

“ಇವರೆಲ್ಲಾ ಇಲ್ಲೇ ಇರ್ತಾರಾ?”

“ಹುಟ್ಟಿದಾಗಿಂದ,” ಎಂದರು ಮೇಷ್ಟ್ರು. ಅವರು ಸುಳ್ಳಾಡಿದ್ದು ಅದೇ ಮೊದಲು.

“ಮುದುಕೀನ ಪಾತ್ರೆ ಜೊತೆ ಜೋಡಿಸಿಟ್ಟಿದ್ದಾಳೆ, ಬರ್ಕೊಳ್ರಿ ಅದನ್ನೂ!” ಎಂದು ಅತ್ತೆ ಕೂಗಿದಳು.

ನಿಯಮ ನಿಯಮವೇ. ಎಲ್ಲರಿಗೂ ಮಾತ್ರೆ ಸಿಕ್ಕಿತು. ಗೆರೆಯ ಈಚೆ ಉಳಿದದ್ದು ಒಂದು ಬೆಕ್ಕು. ಪ್ರತಿ ತಿಂಗಳೂ ಅದನ್ನೇ ಹಿಡಿದು ಒತ್ತಡ ಅಳೆದರು.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಎರಡು ವರ್ಷ ಕಳೆದರೂ ಅತ್ತೆಯ ಬಾಯಿ ಜೋರಾಗಿಯೇ ಇತ್ತು. ಅಷ್ಟರಲ್ಲಿ ಮೇಡಂ ವರದಿ ತಂದರು: ಒತ್ತಡ ಇಳಿದಿದೆ, ಆದರೆ ಒಂದೇ ಅಡುಗೆಮನೆಯಲ್ಲಿ ನಲವತ್ತಮೂರು ಜನ ಬದುಕುವುದು ಕೇರಿಯ ಘೋರ ಸಮಸ್ಯೆ. ಅದಕ್ಕೆ ಹೊಸ ಸಂಶೋಧನೆ, ಹೊಸ ನಕ್ಷೆ. ಅರ್ಧ ಕೇರಿಗೆ ವಾರಕ್ಕೊಮ್ಮೆ ಡಾಕ್ಟರು ಬರುತ್ತಾರೆ, ಇನ್ನರ್ಧಕ್ಕೆ ಇಲ್ಲ.

ಇಸ್ತ್ರಿಯಮ್ಮ ಬಾಯಿ ತೆರೆಯುವ ಮೊದಲೇ ಅತ್ತೆ ಸೊಸೆಯ ಕೈ ಹಿಡಿದು ಎದ್ದು ನಿಂತಳು.

“ಈ ಸಲ ಗೆರೆ ಎಲ್ಲಿ ಎಳೀತೀರಿ ಅಂತ ಮೊದಲೇ ಹೇಳಿ ತಾಯಿ. ಮಂಚ ಎತ್ತಿಸ್ಬೇಕು.”