ರೀಲು ಹಾರುತ್ತಿದ್ದ ಜಾಗ

ಅಪ್ಪನ ಬಾಯಿಗೆ ಅಕ್ಕಿ ಹಾಕಲು ಬಗ್ಗಿದ ಕಲ್ಯಾಣಿ ಮುಷ್ಟಿ ಬಿಚ್ಚದೆ ಹಾಗೇ ಹಿಂದೆ ಸರಿದಳು. ಸಾಲಿನಲ್ಲಿ ನಿಂತಿದ್ದವರು ಮುಖ ಮುಖ ನೋಡಿಕೊಂಡರು.

"ಯಾಕಮ್ಮ, ಏನಾಯ್ತು?" ಎಂದಳು ತಾಯಿ ಗಂಗುಲಮ್ಮ.

"ಆಮೇಲೆ ಹಾಕ್ತೀನಿ. ಮಿಕ್ಕೋರು ಹಾಕ್ಲಿ."

ಶಾಮಿಯಾನದ ಕಂಬಕ್ಕೊರಗಿ ಕೂತಳು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ನೂರಾರು ಮಕ್ಕಳೆದುರು ಗಂಟೆಗಟ್ಟಲೆ ಪಾಠ ಮಾಡುವವಳಿಗೆ, ಕೆಂಚಾರ್ಲಹಳ್ಳಿಯ ಈ ಅಂಗಳದಲ್ಲಿ ಅಪ್ಪನ ಮುಖ ನೋಡುವ ಧೈರ್ಯವಿರಲಿಲ್ಲ. ನಾಚಿಕೆ ಅಂದರೆ ಅಂಥಿಂಥ ನಾಚಿಕೆಯಲ್ಲ. ಮೂರು ತಿಂಗಳ ಹಿಂದೆ ಆಡಿದ ಮಾತು ಇನ್ನೂ ಕಿವಿಯಲ್ಲೇ ಇತ್ತು.

* * *

ಅಪ್ಪ ಮುನಿಗಂಗಪ್ಪ ಸರ್ಕಾರಿ ಪ್ರಚಾರ ವ್ಯಾನಿನಲ್ಲಿ ಸಿನಿಮಾ ಆಪರೇಟರಾಗಿದ್ದ. ಊರೂರು ಸುತ್ತಿ ಮಲೇರಿಯಾ, ಕುಟುಂಬ ಯೋಜನೆಯ ಚಿತ್ರ ತೋರಿಸಬೇಕಿತ್ತು. ಬರೀ ಅದನ್ನು ನೋಡಲು ಯಾರು ಬರುತ್ತಾರೆ? ಅದಕ್ಕೇ ಮೊದಲು ಹಾಲಿವುಡ್ಡಿನ ಒಂದು ಹಳೇ ಮೂಕಿ ಹಾಸ್ಯಚಿತ್ರ. ಏಣಿ ಹೊತ್ತ ಪೇಂಟರ್ ಒಬ್ಬ ತಿರುಗಿದಾಗಲೆಲ್ಲ ಯಾರಿಗಾದರೂ ಬಡಿಯುತ್ತಿದ್ದ. ಊರಿಗೆ ಊರೇ ಬಿದ್ದು ಬಿದ್ದು ನಗುತ್ತಿತ್ತು.

ಮೂರು ತಿಂಗಳ ಹಿಂದೆ ಮೊಮ್ಮಗಳು ಲಾವಣ್ಯಳ ಹುಟ್ಟುಹಬ್ಬಕ್ಕೆ ಕಲ್ಯಾಣಿಯ ಮನೆಗೆ ಬಂದಾಗ ಅದೇ ಚಿತ್ರ ಅವಳ ಫೋನಿನಲ್ಲಿ ಸಿಕ್ಕಿತು. ಮುದುಕನಿಗೆ ಖುಷಿಯೋ ಖುಷಿ. ಕಲ್ಯಾಣಿಯ ಕಾಲೇಜಿನವರೂ ಬಂದಿದ್ದರು. ಟೀವಿಗೆ ಹಾಕಿಸಿದ.

ಮೊದಲು ಎಲ್ಲರೂ ನಕ್ಕರು. ಆಮೇಲೆ ಪೇಂಟರ್ ಒಂದು ಮನೆ ಹೊಕ್ಕ. ಒಳಗೆ, ಮುಖಕ್ಕೆ ಮಸಿ ಬಳಿದುಕೊಂಡು ಕರಿಯ ಆಳಿನ ವೇಷ ಹಾಕಿದ ಬಿಳಿಯನೊಬ್ಬ. ಪೇಂಟರನ ಬಿಳೀ ಬಟ್ಟೆ ಕಂಡು ದೆವ್ವವೆಂದು ನಡುಗುತ್ತಾನೆ, ಯಜಮಾನ ಒದೆಯುತ್ತಾನೆ, ಅದೇ ತಮಾಷೆ. ಯಾರೂ ನಗಲಿಲ್ಲ. ಅಪ್ಪ ಗಾಬರಿಯಲ್ಲಿ ರಿಮೋಟಿಗೆ ತಡಕಾಡಿದ. ಯಾವ ಗುಂಡಿ ಒತ್ತಬೇಕೆಂದು ತಿಳಿಯಲಿಲ್ಲ.

"ಇಷ್ಟು ವರ್ಷ ಇದನ್ನ ತೋರ್ಸ್ಕೊಂಡು ಬಂದ್ಯಾ? ನಮ್ಮನ್ನೂ ಹಿಂಗೇ ಆಡ್ಕೊಂಡು ನಕ್ಕೋರು ಎಷ್ಟು ಜನ, ಮರ್ತೋಯ್ತಾ? ನಿನ್ನ ಮಗಳು ಅಂತ ಹೇಳ್ಕೊಳ್ಳೋಕೆ ನಾಚ್ಕೆ ಆಗತ್ತೆ" ಎಂದಳು ಕಲ್ಯಾಣಿ, ಅಷ್ಟೂ ಜನರೆದುರು.

ಅವನು ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ಹೊರಟ. ಮತ್ತೆ ಆ ಮನೆಗೆ ಬರಲಿಲ್ಲ.

* * *

ಶಾಮಿಯಾನದ ಮೂಲೆಯಲ್ಲಿ, ಚಿಕ್ಕ ಮಕ್ಕಳನ್ನು ಸುಮ್ಮನಿರಿಸಲು ಲಾವಣ್ಯ ಫೋನಿನಲ್ಲಿ ತಾತನ ಸಿನಿಮಾ ಹಾಕಿದ್ದಳು. ನೂರು ವರ್ಷದ ಹಿಂದಿನ ಏಣಿ ಇವತ್ತಿಗೂ ಸರಿಯಾಗಿಯೇ ಬಡಿಯುತ್ತಿತ್ತು. ಮಕ್ಕಳು ಕಿಸಕ್ಕೆನ್ನುತ್ತಿದ್ದವು. ವ್ಯಾನಿನ ಡ್ರೈವರಾಗಿದ್ದ ಕೆಂಪರಾಜು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ.

"ಅರೆ, ಈ ಮಸಿ ಮುಖ ಇನ್ನೂ ಐತಾ? ನಿಮ್ ತಾತ ಇದನ್ನ ಯಾವತ್ತೋ ಕತ್ತರಿಸಿ ಬಿಸಾಕಿದ್ನಲ್ಲ."

ಕಲ್ಯಾಣಿ ಎದ್ದು ಬಂದಳು. "ಏನಂದ್ರಿ ಮಾವ?"

"ಕೆಲಸಕ್ಕೆ ಸೇರಿದ ಹೊಸದು ಕಣಮ್ಮ. ಒಂದೂರಲ್ಲಿ ಈ ಸೀನ್ ಬಂದಾಗ, ನಿಮ್ ಕೇರಿಯೋನೇ ಅಲ್ವೇನೋ ಅಂತ ಜನ ನಿಮ್ಮಪ್ಪನ ಕಡೆ ತಿರುಗಿ ನಕ್ಕಿದ್ರು. ಮಾರನೇ ದಿನ ಅಷ್ಟುದ್ದಾನೂ ಕತ್ತರಿಸಿ ತೆಗೆದು ರೀಲು ಅಂಟಿಸ್ದ. ಸರ್ಕಾರಿ ರೀಲು, ಗೊತ್ತಾಗಿದ್ರೆ ಕೆಲಸ ಹೋಗ್ತಿತ್ತು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ. ಆಮೇಲೆ ಆ ಪೇಂಟರ್ ಬಾಗಿಲೊಳಗೆ ಕಾಲಿಟ್ಟ ಅಂದ್ರೆ ನೆಟ್ಟಗೆ ರೋಡಲ್ಲಿರ್ತಿದ್ದ. ಅದೂ ಒಂದು ತಮಾಷೆ ಅನ್ಕೊಂಡು ಜನ ಇನ್ನೂ ಜಾಸ್ತಿ ನಗೋರು."

"ನಂಗೂ ಹೇಳ್ಲಿಲ್ವಲ್ಲ ಮಾವ."

"ನೀನು ಕೇಳಿದ್ಯಾ?" ಎಂದ ಕೆಂಪರಾಜು, ಮೆಲ್ಲಗೆ.

ಲಾವಣ್ಯ ಅಮ್ಮನ ಮುಖ ನೋಡಿದಳು. ಸಿನಿಮಾವನ್ನು ಹಿಂದಕ್ಕೆ ತಂದು, ಬಾಗಿಲು ಬಂದ ಕೂಡಲೇ ಬೆರಳಿನಿಂದ ಮುಂದಕ್ಕೆ ಎಳೆದಳು. ಪೇಂಟರ್ ಒಳಗೆ ಕಾಲಿಟ್ಟ. ಮರುಕ್ಷಣ ಏಣಿ ಸಮೇತ ನಡುರಸ್ತೆಯಲ್ಲಿದ್ದ. ಮಕ್ಕಳು ಹೆಣದ ಮುಂದೆಯೇ ಗೊಳ್ಳೆಂದು ನಕ್ಕವು. ಯಾರೂ ಗದರಲಿಲ್ಲ.

ಕಲ್ಯಾಣಿ ಅಪ್ಪನ ತಲೆಯ ಬಳಿ ಹೋಗಿ ಕೂತು ಮುಷ್ಟಿ ಬಿಚ್ಚಿದಳು. ಬೆವರಿಗೆ ಅಂಗೈಗೆ ಅಂಟಿದ ಅಕ್ಕಿ ಕೆಳಗೆ ಬೀಳಲಿಲ್ಲ. ಹೊರಗೆ ತಮಟೆಯವರು ಕಾಯುತ್ತಿದ್ದರು. ಅವಳು ಒಂದೊಂದೇ ಕಾಳನ್ನು ಉಗುರಿನಿಂದ ಬಿಡಿಸಿ ಅವನ ತುಟಿಗಳ ನಡುವೆ ಇಡತೊಡಗಿದಳು.