ಜೌಗು ದಾಟಿಸಿದ ಲುಕಿಚ್

ವೆನೆದಿಕ್ತ್ ಲುಕಿಚ್ ನಡೆದು ಬರುವ ಸದ್ದನ್ನು ಕೇಳಿದವರು ನಮ್ಮ ಮೊಖೋವೊದಲ್ಲಿ ಯಾರೂ ಇರಲಿಲ್ಲ. ಬೇರೆಯವರು ನೆಲವನ್ನು ತುಳಿಯುತ್ತಾರೆ. ಅವರು ಮಲಗಿರುವ ಯಾವುದೋ ಮೃಗದ ಬೆನ್ನ ಮೇಲೆ ನಡೆಯುವವರಂತೆ, ಅದಕ್ಕೆ ಎಚ್ಚರವಾಗದಿರಲೆಂದು, ಮೊದಲು ಬೆರಳು, ಆಮೇಲೆ ಹಿಮ್ಮಡಿ, ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಮೈಯ ಭಾರವನ್ನೆಲ್ಲ ಊರುತ್ತಿದ್ದರು. ಒಲೆಗೆ ಸೌದೆ ತುರುಕುತ್ತಿದ್ದವಳು ತಿರುಗಿದರೆ ಬೆನ್ನ ಹಿಂದೆಯೇ ನಿಂತಿರುತ್ತಿದ್ದರು; ಆ ಉದ್ದನೆಯ ಚರ್ಮದ ಕೋಟು ಕೂಡ ಅವರ ಮೈಮೇಲೆ ಕರಕರ ಎನ್ನುತ್ತಿರಲಿಲ್ಲ. ನನ್ನತ್ತೆ ಮಲಾನ್ಯ ದೆವ್ವಕ್ಕೂ ಹೆದರದವಳು, ಆದರೂ ಈ ಮನುಷ್ಯನ ಕೊರಳಿಗೊಂದು ಹಸುವಿನ ಗಂಟೆ ಕಟ್ಟಬೇಕೆಂದು ಅವರೆದುರಿಗೇ ಹೇಳುತ್ತಿದ್ದಳು.

ಇನ್ನೊಂದು ಅವರ ಹೆಬ್ಬೆರಳು. ಕಂಡದ್ದನ್ನೆಲ್ಲ ಒತ್ತಿ ನೋಡುವ ಚಾಳಿ. ಕಪ್ಪು ರೊಟ್ಟಿ, ನಾದಿಟ್ಟ ಹಿಟ್ಟು, ಕರುವಿನ ಬೆನ್ನು, ಹೊಳೆಯಂಚಿನ ಹಾವಸೆ, ಎಲ್ಲವನ್ನೂ ಒತ್ತಿ, ಬಿದ್ದ ಗುಳಿ ಮೆಲ್ಲಗೆ ಮೇಲೇಳುವುದನ್ನು ಕಣ್ಣು ಮಿಟುಕಿಸದೆ ನೋಡಿ, "ತಡೆಯುತ್ತೆ" ಎನ್ನುವರು. ಆ ಒಂದು ಮಾತು ಅವರ ಬಾಯಲ್ಲಿ ಆಮೆನ್ ಇದ್ದ ಹಾಗೆ.

ಊರಿನ ದೊಡ್ಡ ಮನೆಯ ಮಗ ಅವರು. ರಾಜಧಾನಿಯಲ್ಲಿ ಓದಿ ಬಂದು, ಅಪ್ಪನ ಕುದುರೆಲಾಯವನ್ನು ಕಾರ್ಖಾನೆ ಮಾಡಿಕೊಂಡಿದ್ದರು. ನನ್ನ ಗಂಡ ತ್ರಿಫೊನ್ ಅಲ್ಲಿ ಮೇಸ್ತ್ರಿ, ನಾನು ಹೊಲಿಗೆಯವಳು. ಮೊದಲು ವಿಮಾನ ಕಟ್ಟಿದರು. ಅದರ ರೆಕ್ಕೆಯ ಬಟ್ಟೆಯನ್ನು ನಾವು ಹೆಂಗಸರು ಚಳಿಗಾಲವಿಡೀ ಹೊಲಿದೆವು. ಅದರಲ್ಲಿ ಎರಡು ಪೀಠಗಳಿದ್ದವು, ಒಂದಕ್ಕೊಂದು ಬೆನ್ನು ಮಾಡಿ. ಎರಡನೆಯವನು ಹಿಂದಕ್ಕೆ ಮುಖ ಮಾಡಿ ಕೂರಬೇಕು. ಆಕಾಶದಲ್ಲಿ ಹಿಂದಿನಿಂದ ಯಾರು ಬರುತ್ತಾರೆ ಎಂದು ತ್ರಿಫೊನ್ ನಗೆಯಾಡಿದ. ಲುಕಿಚ್ ನಗಲಿಲ್ಲ. ಅಲ್ಲಿ ಕೂತು ಹಾರಿದವನು ಒಬ್ಬನೇ, ಇಗರ್ಜಿಯ ಕಿರಿಯ ಪಾದ್ರಿಯ ತಮ್ಮ; ಇಳಿದು ಬಂದ ಮೇಲೆ ಏನು ಕಂಡೆ ಎಂದು ಎಷ್ಟು ಕೇಳಿದರೂ, ನಮ್ಮೂರು ಚಿಕ್ಕದಾಗುತ್ತ ಆಗುತ್ತ ಕೊನೆಗೆ ಜೌಗೊಂದೇ ಉಳಿಯಿತು ಎಂದಷ್ಟೇ ಹೇಳಿದ.

ಲುಕಿಚ್‌ರ ಕೊನೆಯನ್ನು ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ. ಬಹಳ ವರ್ಷಗಳ ಮೇಲೆ, ಕಾಲ ಬದಲಾಗಿ ಹೊಸ ಸರ್ಕಾರಕ್ಕೂ ಅವರು ನಕ್ಷೆ ಬರೆದುಕೊಟ್ಟು ಮುದುಕರಾಗುತ್ತಿದ್ದಾಗ, ಒಂದು ಮಧ್ಯಾಹ್ನ ಅವರನ್ನು ಹಿಡಿದೊಯ್ಯಲು ಕಾರು ಬಂತು. ಬಂದ ಕಾರು ಅಂಗಳದಲ್ಲೇ ಕೆಸರಿಗೆ ಕೂತಿತು. ಲುಕಿಚ್ ಒಳಗಿಂದ ಹಲಗೆ ತಂದು ಗಾಲಿಗಳ ಕೆಳಗೆ ಹಾಸಿ, "ನಿಧಾನ ಕಣಪ್ಪಾ, ತಡೆಯುತ್ತೆ" ಎಂದು ಚಾಲಕನಿಗೆ ಹೇಳಿಕೊಟ್ಟು, ಕಾರು ಗಟ್ಟಿ ನೆಲಕ್ಕೆ ಬಂದ ಮೇಲೆ ಕೈ ಒರೆಸಿಕೊಂಡು ತಾವೇ ಒಳಗೆ ಕೂತರು. ಆಮೇಲೆ ಸುದ್ದಿಯಿಲ್ಲ. ಆದರೆ ನಾನು ಅವರನ್ನು ನೆನೆಯುವುದು ಅದಕ್ಕಲ್ಲ.

ನಮ್ಮೂರಿಗೂ, ಸತ್ತವರನ್ನು ಹೂಳುವ ಜಾಗವಿರುವ ಇಗರ್ಜಿಗೂ ನಡುವೆ ಜೌಗು. ಚಳಿಗಾಲದಲ್ಲಿ ಹಿಮಬಂಡಿ ಹೋಗುತ್ತದೆ, ಬೇಸಿಗೆಯಲ್ಲಿ ಮರದ ದಿಮ್ಮಿಗಳ ದಾರಿ ಮೇಲೇಳುತ್ತದೆ. ಹಿಮ ಕರಗುವಾಗ ಮತ್ತು ಶರತ್ತಿನ ಮಳೆಯಲ್ಲಿ ಎರಡೂ ಇಲ್ಲ. ಆಗ ಸತ್ತವರು ಕಾಯುತ್ತಾರೆ. ಊರಾಚೆಯ ಹುಲ್ಲಿನ ಕೊಟ್ಟಿಗೆಯಲ್ಲಿ, ಮಂಜುಗಡ್ಡೆಯ ಮೇಲೆ, ದಾರಿಯಾಗುವವರೆಗೆ. ಲುಕಿಚ್‌ರ ತಾಯಿ ತೀರಿಕೊಂಡದ್ದು ಅಂಥ ಶರತ್ತಿನಲ್ಲಿ, ಅವರಿನ್ನೂ ಹುಡುಗನಾಗಿದ್ದಾಗ. ದೊಡ್ಡ ಮನೆಯಾದರೇನು, ಕೆಸರಿಗೆ ಮುಲಾಜಿಲ್ಲ.

ಜರ್ಮನರ ಜೊತೆ ಯುದ್ಧ ಹತ್ತಿದ ಮೇಲಿನ ಮೊದಲ ವಸಂತದಲ್ಲಿ ಅವರ ಎರಡನೆಯ ಯಂತ್ರ ಸಿದ್ಧವಾಯಿತು. ಗಾಲಿಗಳ ಮೇಲೆ ಓಡುವುದಲ್ಲ. ಹೊಟ್ಟೆಯಡಿ ಅಗಲವಾದ ಒಂದೇ ಒಂದು ಪಟ್ಟಿ, ರಬ್ಬರು ಬಳಿದ ದಪ್ಪ ಕ್ಯಾನ್‌ವಾಸಿನದು, ಉರುಳೆಗಳ ಮೇಲೆ ಸುತ್ತುತ್ತ ತನ್ನ ದಾರಿಯನ್ನು ತಾನೇ ಹಾಸಿಕೊಂಡು ಮುಂದೆ ಹೋಗುತ್ತಿತ್ತು. ಮನುಷ್ಯ ಹೂತುಹೋಗುವ ಕಡೆ ಅದು ಹೂತುಹೋಗುತ್ತಿರಲಿಲ್ಲ. ಅತ್ತೆ ಅದಕ್ಕೆ ಕಪ್ಪೆ ಎಂದು ಹೆಸರಿಟ್ಟು, "ಲುಕಿಚ್, ನಿನ್ನ ಕಪ್ಪೆ ಮೊಟ್ಟೆ ಇಟ್ಟರೆ ನಂಗೂ ಒಂದು ಮರಿ ಕೊಡಪ್ಪಾ, ಸಂತೆಗೆ ಹೋಗ್ಬೇಕು" ಎಂದು ರೇಗಿಸುವಳು. ಸೈನ್ಯದವರು ಪರೀಕ್ಷೆಗೆ ಬರುವುದೆಂದು ನಿಶ್ಚಯವಾಯಿತು. ಇಗರ್ಜಿಯ ದಡದಲ್ಲಿ ಅವರು ನಿಲ್ಲುವುದು, ನಮ್ಮ ದಡದಿಂದ ಯಂತ್ರ ಮಷಿನ್‌ಗನ್ನಿನಷ್ಟು ತೂಕದ ಮರಳುಮೂಟೆ ಹೊತ್ತು ಜೌಗು ದಾಟುವುದು. ಮೆಚ್ಚಿದರೆ ಸೈನ್ಯಕ್ಕೆಲ್ಲ ಅದನ್ನೇ ಕಟ್ಟುತ್ತಾರೆ. ಮೆಚ್ಚದಿದ್ದರೆ, ಮನೆ ಆಗಲೇ ಅಡಮಾನಕ್ಕೆ ಹೋಗಿತ್ತು, ಇನ್ನೊಂದು ಕಟ್ಟುವ ಶಕ್ತಿ ಅವರಿಗಿರಲಿಲ್ಲ.

ಆ ದಿನಗಳಲ್ಲೇ ಅತ್ತೆಯ ಕಾಲುಗಳಲ್ಲಿ ನೀರು ತುಂಬಿತು. ನೋಡಲು ಬಂದ ಲುಕಿಚ್ ಚಾಳಿಯಂತೆ ಊದಿದ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿದರು. ಗುಳಿ ಬಿತ್ತು, ಮೇಲೇಳಲಿಲ್ಲ. ಅವರು ಕಾದರು. ನಾವೂ ಕಾದೆವು. ಅತ್ತೆಯೇ ಹೇಳಿದಳು: "ತಡೆಯಲ್ಲ ಅನ್ನು ಮಗಾ, ನಾಚ್ಕೋಬೇಡ. ಆದ್ರೆ ನಿಮ್ಮಮ್ಮನ ಹಾಗೆ ನನ್ನನ್ನ ಆ ಕೊಟ್ಟಿಗೇಲಿ ಮಲಗಿಸ್ಬೇಡಿ."

ಹಿಮ ಕರಗುತ್ತಿದ್ದ ವಾರದಲ್ಲೇ ಸತ್ತಳು. ಕೊಟ್ಟಿಗೆಯಲ್ಲೇ ಮಲಗಿಸಿದೆವು, ಬೇರೆ ದಾರಿಯೇನಿತ್ತು? ಅವಳ ಎಡಗಣ್ಣು ಮುಚ್ಚಲಿಲ್ಲ. ತಾಮ್ರದ ನಾಣ್ಯ ಇಟ್ಟರೆ ಜಾರಿ ಬೀಳುತ್ತಿತ್ತು, ಭಾರದ್ದು ಇಟ್ಟರೂ ಜಾರುತ್ತಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ನಾಣ್ಯ ಕೆನ್ನೆಯ ಪಕ್ಕದಲ್ಲಿ, ಕಣ್ಣು ಬಾಗಿಲಿನ ಮೇಲೆ. ತೆರೆದ ಕಣ್ಣಿನ ಹೆಣ ಜೊತೆಗಾರರನ್ನು ಹುಡುಕುತ್ತದೆ, ಭಾನುವಾರ ದಾಟಿ ಉಳಿದರೆ ಮನೆಯಿಂದ ಒಬ್ಬರನ್ನು ಕರೆದೇ ಹೋಗುತ್ತದೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನನ್ನ ಮಗಳು ನ್ಯೂರಾ ಅಜ್ಜಿಯ ಮಗ್ಗುಲಲ್ಲೇ ಮಲಗುತ್ತಿದ್ದ ಕೂಸು. ಶುಕ್ರವಾರ ಅವಳಿಗೆ ಜ್ವರ ಬಂತು. ಆ ಸಂಜೆ ಕೂಸು ಮೂಲೆಯತ್ತ ನೋಡಿ, ಅಜ್ಜಿ ಯಾಕೆ ಒಂದೇ ಕಣ್ಣಲ್ಲಿ ನೋಡ್ತಾಳೆ ಎಂದು ಕೇಳಿತು. ಅವಳನ್ನು ನಾವು ಕೊಟ್ಟಿಗೆಯ ಹತ್ತಿರಕ್ಕೂ ಬಿಟ್ಟಿರಲಿಲ್ಲ.

ಪರೀಕ್ಷೆ ಮರುದಿನ, ಶನಿವಾರ. ನಾನು ಲುಕಿಚ್‌ರ ಬಳಿ ಏನನ್ನೂ ಬೇಡಲಿಲ್ಲ. ನ್ಯೂರಾ ಹೇಳಿದ್ದನ್ನು ತ್ರಿಫೊನ್‌ನಿಂದ ಕೇಳಿದವರು ಕೊಟ್ಟಿಗೆಗೆ ಹೋಗಿ, ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಹೊರಗೆ ಬಂದು, ಮರಳುಮೂಟೆಗಳನ್ನು ಇಳಿಸಲು ಹೇಳಿದರು.

ತ್ರಿಫೊನ್‌ಗೆ ಅರ್ಥವಾಯಿತು. "ಬೇಡ ಲುಕಿಚ್. ಜನರಲ್ ಸಾಹೇಬರು ಬಂದೂಕು ನೋಡೋಕೆ ಬಂದಿರೋದು. ಹೆಣ ಹೊತ್ಕೊಂಡು ಹೋದ್ರೆ ನಿಮ್ಮ ಯಂತ್ರ ಮುಗೀತು."

"ತೂಕ ಎರಡೂ ಒಂದೇ ಕಣೋ," ಎಂದರು ಲುಕಿಚ್. "ನಿಮ್ಮಮ್ಮ ಒಂದು ಮಷಿನ್‌ಗನ್ ತೂಗ್ತಾಳೆ. ಬಾಯಂತೂ ಅದಕ್ಕಿಂತ ಜೋರಿತ್ತು."

ಯಂತ್ರ ನಡೆಸುವವನು ತ್ರಿಫೊನ್ ಎಂದು ಮೊದಲೇ ನಿಶ್ಚಯವಾಗಿತ್ತು. ಆದರೆ ಹೆತ್ತವಳ ಶವಪೆಟ್ಟಿಗೆಯನ್ನು ಮಗ ಹೊರುವಂತಿಲ್ಲ. ರಕ್ತಸಂಬಂಧಿ ಹೊತ್ತರೆ ಆ ಸಾವಿನಿಂದ ಅವನಿಗೆ ಖುಷಿಯಾಯಿತೆಂದು ಅರ್ಥ. ಹೀಗಾಗಿ ಲುಕಿಚ್ ತಾವೇ ಕೂತರು. ಪೆಟ್ಟಿಗೆಯನ್ನು ಹಿಂದೆ ಎತ್ತರಕ್ಕೆ ಕಟ್ಟಿದೆವು, ಕಾಲು ಮುಂದಾಗಿ. ಜೌಗಿನ ಮೇಲೆ ಹಾಲಿನಂಥ ಮಂಜು. ಯಂತ್ರ ಅದರೊಳಗೆ ಇಳಿಯಿತು. ಮೊದಲು ಪಟ್ಟಿ ಮಾಯವಾಯಿತು, ಆಮೇಲೆ ಲುಕಿಚ್‌ರ ಟೋಪಿ, ಆಮೇಲೆ ಇಂಜಿನ್ನಿನ ಸದ್ದನ್ನೂ ಮಂಜು ನುಂಗಿತು. ಉಳಿದದ್ದು ಪೆಟ್ಟಿಗೆಯೊಂದೇ. ಯಾರೂ ಹೊರದೆ, ಯಾರೂ ಎಳೆಯದೆ, ಮಂಜಿನ ಮೇಲೆ ತಾನಾಗಿ ತೇಲಿಕೊಂಡು ಇಗರ್ಜಿಯತ್ತ ಹೋಗುತ್ತಿತ್ತು. ಹೋಗುವವರನ್ನು ಕಣ್ಮರೆಯಾಗುವವರೆಗೆ ನೋಡಬಾರದು. ನಾನು ಒಳಗೆ ಬಂದು ಕೊಟ್ಟಿಗೆಯ ನೆಲವನ್ನು ಬಾಗಿಲತ್ತ ತೊಳೆಯುತ್ತ ಹೋದೆ. ಎಷ್ಟು ನೀರು ಹೊಯ್ದರೂ ಅವಳು ಮಲಗಿದ್ದ ಜಾಗ ಮಾತ್ರ ಬೇಗ ಒಣಗುತ್ತಿತ್ತು.

ಆಚೆ ದಡದಲ್ಲಿ ಆದದ್ದನ್ನು ಆಮೇಲೆ ಪಾದ್ರಿಯ ಹೆಂಡತಿ ಹೇಳಿದಳು. ಕುದುರೆಗಳು ಹಗ್ಗ ಕಿತ್ತುಕೊಂಡು ಓಡಿದವು. ಕಾವಲು ಸಿಪಾಯಿಗಳು ಬಂದೂಕು ಕೆಳಗಿಟ್ಟು ಮೊಣಕಾಲೂರಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಯಂತ್ರ ದಡ ಹತ್ತಿ ನಿಂತಾಗ, ಪಟ್ಟಿಯ ಮೇಲೆ ಅಂಗೈಯಷ್ಟೂ ಕೆಸರಿಲ್ಲದೆ, ಒಬ್ಬರೂ ಹತ್ತಿರ ಹೋಗಲಿಲ್ಲ. ಮುದುಕ ಜನರಲ್ ಒಳ್ಳೆಯ ಮನುಷ್ಯನಂತೆ. ಸಿಪಾಯಿಗಳಿಂದ ಗುಂಡಿ ತೋಡಿಸಿ, ಬಂಧುಗಳು ಜೊತೆಗೆ ಬರಲಾಗದ ಹೆಣವೆಂದು ಮೊದಲ ಹಿಡಿ ಮಣ್ಣನ್ನು ತಾನೇ ಹಾಕಿದನಂತೆ. ಆಮೇಲೆ ಕೈ ಝಾಡಿಸಿ ಹೇಳಿದನಂತೆ: "ದಾಟುತ್ತೆ, ಸರಿ. ಆದ್ರೆ ಇದರ ಮೇಲೆ ನನ್ನ ಹುಡುಗರು ಇನ್ನು ಕೂರಲ್ಲ ಕಣಯ್ಯಾ. ಕೂತರೂ ಹೆಣದ ಹಾಗೆ ಎದೆ ಮೇಲೆ ಕೈ ಕಟ್ಕೊಂಡು ಕೂರ್ತಾರೆ." ಯಂತ್ರ ಬೇಡವೆನ್ನಲು ಕಾರಣವಾಗಿ, ಪಟ್ಟಿ ಜಾರುತ್ತದೆ ಎಂದು ಸೈನ್ಯದವರು ಬರೆದುಕೊಂಡು ಹೋದರು. ಅದು ಜಾರಿರಲಿಲ್ಲ.

ಭಾನುವಾರ ನ್ಯೂರಾ ಎದ್ದು ಕೂತು ಗಂಜಿ ಕೇಳಿದಳು. ನಾನು ಯಾವುದಕ್ಕೆ ಯಾವುದು ಕಾರಣವೆಂದು ಹೇಳಲಾರೆ. ಲಾಯದಲ್ಲಿ ಇಂಜಿನ್ ಬಿಚ್ಚುತ್ತಿದ್ದ ಲುಕಿಚ್‌ರಿಗೆ ಜೇನು ಹಾಕಿದ ತಿಥಿಯ ಗೋಧಿ ಒಯ್ದು ಕೊಟ್ಟು, ನಮ್ಮಿಂದ ನಿಮ್ಮ ಬದುಕು ಹಾಳಾಯಿತು ಎಂದು ಕಣ್ಣೀರಿಟ್ಟೆ. ಅವರು ತಲೆಯೆತ್ತಲಿಲ್ಲ.

"ನಮ್ಮಮ್ಮ ಆ ಕೊಟ್ಟಿಗೇಲಿ ಹಿಮ ಬೀಳೋತನಕ ಇದ್ದಳು, ಅಗಾಫ್ಯಾ. ಮೊದಲು ಹೆದರಿಕೆ ಆಗ್ತಿತ್ತು. ಆಮೇಲೆ ದಿನಾ ಹೋಗಿ ಮಾತಾಡ್ತಿದ್ದೆ. ಕೊನೆಗೆ ಕರ್ಕೊಂಡು ಹೋಗೋಕೆ ಬಂದಾಗ, ಬೇಡ, ಇಲ್ಲೇ ಇರ್ಲಿ ಅಂತ ಬಾಗಿಲಿಗೆ ಅಡ್ಡ ನಿಂತೆ." ಇನ್ನೊಂದು ತಿರುಪು ಬಿಚ್ಚಿಟ್ಟು, "ಹಾಗೆ ಅಭ್ಯಾಸ ಆಗ್ಬಾರದು," ಎಂದರು.

ಹೊಸದನ್ನು ಕಟ್ಟುವವರ ಕಣ್ಣು ಸದಾ ಮುಂದಿನ ಕಾಲದ ಮೇಲಿರುತ್ತದೆ ಎಂದು ಓದಿದವರು ಹೇಳುತ್ತಾರೆ. ನಾನು ಕಂಡವರು ಒಬ್ಬರೇ, ಹೆಚ್ಚು ಹೇಳುವ ಹಕ್ಕು ನನಗಿಲ್ಲ. ಆದರೂ ಈ ಜಾತಿಯ ಜನಕ್ಕೆ ನಾಳೆಯ ಗೊಡವೆಯಿಲ್ಲವೆಂದೇ ನನಗೆ ತೋರುತ್ತದೆ. ಎಂದೋ ಒಂದು ದಿನ, ಯಾರೋ ಒಬ್ಬರಿಗಾಗಿ, ಇರಬೇಕಾಗಿದ್ದದ್ದು ಇರಲಿಲ್ಲ. ಅದನ್ನು ಮಾಡಿ ತರಲು ಹೊರಟವರು ಅವರು. ಆಕಾಶಕ್ಕೆ ಏರುತ್ತಾರೆ, ಕೆಸರಿನಲ್ಲಿ ತೆವಳುತ್ತಾರೆ, ಕೊನೆಗೆ ತಂದೂ ತರುತ್ತಾರೆ. ಅಷ್ಟರಲ್ಲಿ ಆ ಒಬ್ಬರು ಕಾಯುವುದನ್ನು ಮುಗಿಸಿರುತ್ತಾರೆ, ಉಳಿದ ಲೋಕ ಇನ್ನೂ ಕಾಯಲು ಶುರುಮಾಡಿರುವುದಿಲ್ಲ.