ಅತ್ತೆಯ ನಲವತ್ತು ಗುಂಡುಸೂಜಿ

ನಮ್ಮ ಹೊಲಿಗೆ ಅಂಗಡಿಯ ನಾಯಿ ಎರಡು ದಿನ ಊಟ ಮುಟ್ಟದೆ ಮೆಷಿನ್ನಿನ ಕೆಳಗೆ ಮುದುಡಿ ಮಲಗಿದಾಗ ನಾನು ಹಿಂದುಮುಂದು ನೋಡದೆ ತೀರ್ಪು ಕೊಟ್ಟುಬಿಟ್ಟೆ. ಅದು ಗುಂಡುಸೂಜಿ ನುಂಗಿದೆ, ತಪ್ಪು ಅತ್ತೆಯದು. ಎಪ್ಪತ್ತು ದಾಟಿದ ಕಣ್ಣು, ಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವ ಚಟ. ಒಂದಾದರೂ ಜಾರಿ ಬಿದ್ದಿರದೇ?

"ನನ್ನ ಸೂಜಿ ನಲವತ್ತು. ನಲವತ್ತೂ ಇದಾವೆ, ನೋಡು," ಎಂದು ಅತ್ತೆ ಸೂಜಿ ಚುಚ್ಚಿಡುವ ಪುಟ್ಟ ದಿಂಬನ್ನು ನನ್ನ ಮೂಗಿನ ಮುಂದೆ ಹಿಡಿದರು. ಪ್ರತಿ ಸಂಜೆ ಬಾಗಿಲು ಹಾಕುವ ಮುಂಚೆ ಎಣಿಸುವುದು ಅವರ ಪದ್ಧತಿ. ನಾನದನ್ನು ಮುದುಕಿಯ ಗೀಳು ಎಂದುಕೊಂಡಿದ್ದೆ.

"ನಿಮ್ಮ ಎಣಿಕೆ ನೀವೇ ಇಟ್ಕೊಳ್ಳಿ ಅತ್ತೆ. ನಾಯಿ ಸಾಯ್ತಾ ಇದೆ ಇಲ್ಲಿ!"

ಅತ್ತೆ ದಿಂಬನ್ನು ಮೆಷಿನ್ನಿನ ಮೇಲಿಟ್ಟರು. ಕೊರಳಲ್ಲಿ ಟೇಪು ತೂಗಿಸಿಕೊಂಡೇ ನಾಯಿಯನ್ನೆತ್ತಿಕೊಂಡು ಹೊರಟ ನನ್ನ ಹಿಂದೆ ಪಶು ಆಸ್ಪತ್ರೆಗೆ ಬಂದರು.

ಅಲ್ಲಿ ನಾನು ಸೂಜಿಯ ಕಥೆಯನ್ನು ಎಷ್ಟು ಖಡಾಖಂಡಿತವಾಗಿ ಹೇಳಿದೆನೆಂದರೆ, ಡಾಕ್ಟರಮ್ಮ ಮರುದಿನದ ಎಕ್ಸ್‌ರೇಗೆ ಚೀಟಿ ಬರೆಯತೊಡಗಿದರು. ಅತ್ತೆ ಮಾತ್ರ ಕಣ್ಣು ಮುಚ್ಚಿ, ಬಟ್ಟೆ ಪರೀಕ್ಷಿಸುವ ಹಾಗೆ ನಾಯಿಯ ಮೈಮೇಲೆ ಕೈಯಾಡಿಸುತ್ತಿದ್ದರು. ಅಸ್ತರಿನೊಳಗೆ ಸಿಕ್ಕಿಕೊಂಡ ದಾರದ ಗಂಟನ್ನೂ ಬಿಡದ ಬೆರಳುಗಳು ಅವು. ಮುಂಗಾಲಿನ ಸಂದಿಯಲ್ಲಿ ನಿಂತವು.

"ಇಲ್ಲೇನೋ ಗಂಟಿದೆ. ಇದು ಮೈದಲ್ಲ."

ಡಾಕ್ಟರಮ್ಮ ಕೂದಲು ಸರಿಸಿದರು. ರಕ್ತ ಕುಡಿದು ಊದಿಕೊಂಡ ಉಣುಗು! ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿಕೊಂಡಿತ್ತು. ಚೀಟಿ ಪಕ್ಕಕ್ಕಿಟ್ಟು, ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದುಕೊಂಡು ಒಳಗೆ ಹೋದವರು ಅವಸರದಲ್ಲೇ ಹಿಂತಿರುಗಿದರು.

"ಉಣುಗು ಕಚ್ಚಿ ಬಂದಿರೋ ಜ್ವರ. ರೋಗಾಣು ರಕ್ತದ ಕಣಗಳನ್ನೇ ಒಡೀತಾ ಇದೆ. ಸೂಜಿ ಹುಡುಕ್ತಾ ನಾಳೆವರೆಗೆ ಕೂತಿದ್ರೆ ನಾಯಿ ಕೈ ತಪ್ಪೋದು," ಎನ್ನುತ್ತ ಇಂಜೆಕ್ಷನ್ ಚುಚ್ಚಿದರು. ಆಮೇಲೆ ಅತ್ತೆಯ ಕೈಯನ್ನೇ ನೋಡುತ್ತ, "ಎಷ್ಟು ವರ್ಷದಿಂದ ಹೊಲೀತಿದೀರಿ?" ಎಂದರು.

ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಐವತ್ತೆರಡು ವರ್ಷ ಡಾಕ್ಟ್ರೇ. ಇವರು ನಮ್ಮತ್ತೆ."

ಹೇಳುವಾಗ ನನ್ನ ಎದೆ ಉಬ್ಬಿತ್ತು. ನಾಚಿಕೆಯೂ ಆಗಿತ್ತು, ಆದರೆ ಹೆಮ್ಮೆಯೇ ಒಂದು ಕೈ ಮೇಲಿತ್ತು.

ನಾಲ್ಕನೆಯ ದಿನ ನಾಯಿ ತಟ್ಟೆ ನೆಕ್ಕಿ ಖಾಲಿ ಮಾಡಿತು. ಆ ಸಂಜೆ ನಾನೂ ಅತ್ತೆಯ ಪಕ್ಕ ಕೂತು, ಜೀವನದಲ್ಲಿ ಮೊದಲ ಸಲ, ನನ್ನ ಸೂಜಿಗಳನ್ನು ಎಣಿಸಿದೆ. ಮೂವತ್ತು ಕೊಂಡಿದ್ದೆ. ನನ್ನ ದಿಂಬಿನಲ್ಲಿದ್ದದ್ದು ಹನ್ನೊಂದು.

ಅತ್ತೆ ತಲೆ ಎತ್ತಲಿಲ್ಲ. "ಉಳಿದಿದ್ದು ನಾಯಿ ನುಂಗಿರಬೇಕು," ಎಂದರು.